ದಪ್ಪ ದನಿಯ ನಾಲ್ಕು ಹಾಡು

ಸದ್ದು ಒರೆಸುವುದು ನನ್ನ ಕೆಲಸ. ಹಳೆಯ ಗ್ರಾಮಫೋನ್ ತಟ್ಟೆಗಳಲ್ಲಿ ಹಾಡಿನ ಜೊತೆ ಸೇರಿಕೊಂಡ ಚರಪರ, ಗೀರು, ಗುಂಯ್ ಎನ್ನುವ ಕರೆಂಟಿನ ಸದ್ದು, ಎಲ್ಲವನ್ನೂ ಕಂಪ್ಯೂಟರ್ ಪರದೆಯ ಮೇಲೆ ಹುಡುಕಿ ತೆಗೆಯುತ್ತೇನೆ. ರೋಣದಲ್ಲಿರುವ ಅವ್ವನಿಗೆ ಇದನ್ನು ಮೂರು ಸಲ ವಿವರಿಸಿದ್ದೇನೆ. ಮೂರನೆಯ ಸಲ ಅವಳು, "ಅಂದ್ರ ಅಕ್ಕಿಯೊಳಗಿನ ಹರಳ ಆರಿಸಿದಂಗಾತು. ಅದಕ್ಯಾಕ ಬೆಂಗಳೂರಿಗೆ ಹೋಗಬೇಕಿತ್ತ ಉಮಾ?" ಎಂದಳು.

ನಮ್ಮ ಸ್ಟುಡಿಯೋ ಇರುವುದು ಕೋಣನಕುಂಟೆಯಲ್ಲಿ. ಮಾಲೀಕ ನಂದಕುಮಾರ್ ಅವರ ತಾತ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಮೂರಂತಸ್ತಿನ ಕಟ್ಟಡವಿದೆ. ಕೆಳಗೆ ಟೈಲ್ಸ್ ಅಂಗಡಿ, ನಡುವೆ ಜಿಮ್, ಮೇಲೆ ನಾವು. ಜಿಮ್ಮಿನವರು ತೂಕವನ್ನು ದಢಾರನೆ ಕೆಳಗೆ ಬಿಟ್ಟಾಗಲೆಲ್ಲ ನಮ್ಮ ಸೂಜಿ ಹಾರುತ್ತದೆ. ಹಾಗಾಗಿ ತಟ್ಟೆ ನುಡಿಸುವುದು ಹನ್ನೊಂದರಿಂದ ನಾಲ್ಕರವರೆಗೆ ಮಾತ್ರ, ಜಿಮ್ ಖಾಲಿ ಇರುವಾಗ.

ಆ ನಾಲ್ಕು ತಟ್ಟೆಗಳು ಬಂದದ್ದು ವಿಲ್ಸನ್ ಗಾರ್ಡನ್‌ನಲ್ಲಿ ಕೆಡವುತ್ತಿದ್ದ ಒಂದು ಹಳೆ ಮನೆಯಿಂದ. ಅಂಗಡಿಗೆ ಬಂದ ತಟ್ಟೆಗಳಲ್ಲ, ಯಾರೋ ಖಾಸಗಿಯಾಗಿ ಮುದ್ರಿಸಿಕೊಂಡವು. ನಡುವಿನ ಕಾಗದದ ಮೇಲೆ ಟೈಪ್ ಮಾಡಿದ್ದರು: ಕ್ಲೈವ್ ಪೆರೇರಾ ಮತ್ತು ಅವನ ಹುಡುಗರು, ದಂಡು, ಬೆಂಗಳೂರು, ೧೯೫೭. ಅದರ ಕೆಳಗೆ ಚಿಕ್ಕದಾಗಿ, 'ಮಹಿಳೆಯ ಗಾಯನ ಸಹಿತ'. ಏಳೂ ಜನ ವಾದ್ಯಗಾರರ ಹೆಸರಿತ್ತು. ಹಾಡಿದವಳ ಹೆಸರಿರಲಿಲ್ಲ. ಪ್ರತಿ ತಟ್ಟೆಯಲ್ಲಿ ಒಂದು ಹಾಡು. ಜಾಝ್. ಇಂಗ್ಲಿಷ್ ಸಾಹಿತ್ಯ, ಬ್ಯಾಂಡಿನವರೇ ಬರೆದದ್ದು. ಕೊನೆಯ ಬಸ್ಸು ತಪ್ಪಿಸಿಕೊಂಡ ಹೆಂಗಸೊಬ್ಬಳು ಅದಕ್ಕಾಗಿ ಒಂದಿಷ್ಟೂ ಬೇಜಾರು ಮಾಡಿಕೊಳ್ಳದೆ ನಡೆದು ಹೋಗುವ ಹಾಡು ಒಂದಿತ್ತು. ನನಗೆ ಅದೇ ಇಷ್ಟ.

ಹಾಲೆಂಡಿನ ಒಂದು ಸಣ್ಣ ಕಂಪನಿ ಇವನ್ನು ಹೊಸ ತಟ್ಟೆಯಾಗಿ ಹೊರತರಲು ಒಪ್ಪಿತ್ತು. ಕೆಲಸ ನನ್ನ ಪಾಲಿಗೆ ಬಂತು.

ಮೊದಲ ಸಲ ಕೇಳಿದಾಗಲೇ ನನಗೆ ಅನುಮಾನ ಬಂತು. ದನಿ ಬಹಳ ಕೆಳಗಿತ್ತು. ದಪ್ಪ, ನಿಧಾನ, ಒಲೆಯ ಮೇಲೆ ಬೆಲ್ಲದ ಪಾಕ ತಿರುವಿದ ಹಾಗೆ. ಖಾಸಗಿ ತಟ್ಟೆಗಳ ವೇಗ ನಂಬುವಂಥದ್ದಲ್ಲ. ಮುದ್ರಿಸುವ ಯಂತ್ರ ಜೋರಾಗಿ ಓಡಿದ್ದರೆ ನುಡಿಸುವಾಗ ಹಾಡು ಇಳಿದು ಕೇಳುತ್ತದೆ. ಹಾಗೇ ಆಗಿರಬೇಕು ಎಂದುಕೊಂಡೆ. ವೇಗವನ್ನು ಏರಿಸುತ್ತ ಹೋದೆ. ಹಾರ್ಮೋನಿಯಂನಲ್ಲಿ ಸರಿಯಾಗಿ ಒಂದು ಮನೆಯಷ್ಟು, ಸ ಬಿಟ್ಟು ರಿ ಒತ್ತಿದಷ್ಟು, ಶ್ರುತಿ ಮೇಲೇರಿದಾಗ ಹಾಡುವವಳು ಹೆಂಗಸಾದಳು. ಅಲ್ಲಿ ನಿಲ್ಲಿಸಿದೆ.

"ಸಖತ್ತಾಗಿದೆ ಕಣಮ್ಮ! ಜೇನು, ಜೇನು," ಎಂದರು ನಂದಕುಮಾರ್. ಹಾಲೆಂಡಿನವರೂ ಹೆಚ್ಚುಕಡಿಮೆ ಅದನ್ನೇ ಬರೆದರು. ಬಸ್ಸಿನ ಹಾಡಿನ ನಲವತ್ತು ಸೆಕೆಂಡನ್ನು ಯೂಟ್ಯೂಬಿಗೆ ಹಾಕಿದೆವು, ಕೆಳಗೆ ನಮ್ಮ ಫೋನ್ ನಂಬರ್ ಕೊಟ್ಟು.

ನಾಲ್ಕನೆಯ ದಿನ ಫೋನ್ ಬಂತು.

"ಕ್ಲೈವ್ ಪೆರೇರಾ ಹಾಡು ಹಾಕಿರೋರು ನೀವೇನಾ?"

ವಯಸ್ಸಾದವರ ದನಿ. ಗಂಡಸೋ ಹೆಂಗಸೋ ತಿಳಿಯಲಿಲ್ಲ. ನಾನು ಎರಡಕ್ಕೂ ಹೊಂದುವ ಹಾಗೆ, "ಹೌದ್ರಿ, ಹೇಳ್ರಿ" ಎಂದೆ.

"ಆ ಹುಡುಗಿ ಯಾರು?"

"ಗೊತ್ತಿಲ್ರಿ. ತಟ್ಟಿ ಮ್ಯಾಲ ಹೆಸರಿಲ್ಲ."

"ಹೆಸರಿಲ್ಲ ಅಂತ ನಂಗಿಂತ ಚೆನ್ನಾಗಿ ಯಾರಿಗಮ್ಮ ಗೊತ್ತು? ಹಾಡು ನಂದು. ಕ್ಲಾರಿನೆಟ್ ನಮ್ಮಪ್ಪಂದು. ಎರಡನೇ ಚರಣ ಶುರು ಆಗೋಕೆ ಮುಂಚೆ ಡ್ರಮ್ಸ್ ಆಲ್ಬರ್ಟ್ ಕೆಮ್ಮಿದ್ದ, ಆ ಕೆಮ್ಮು ಎಲ್ಲಿ ಹೋಯ್ತು? ಹೋಗ್ಲಿ ಬಿಡು. ಹಾಡ್ತಿರೋಳು ಮಾತ್ರ ನಾನಲ್ಲ. ನನ್ನ ಜಾಗದಲ್ಲಿ ಯಾರನ್ನ ತಂದು ನಿಲ್ಸಿದೀರಿ?"

ಕೆಮ್ಮನ್ನು ಒರೆಸಿದ್ದು ನಾನೇ. ಹೊರಗೆ ಹೋದ ನಲವತ್ತು ಸೆಕೆಂಡಿನಲ್ಲಿ ಅದು ಇರಲಿಲ್ಲ. ಅಲ್ಲೊಂದು ಕೆಮ್ಮು ಇತ್ತು ಎಂದು ಬಲ್ಲವರು ಭೂಮಿಯ ಮೇಲೆ ಇಬ್ಬರೇ: ಅಳಿಸಿದ ನಾನು, ಮತ್ತು ಅಂದು ಅಲ್ಲಿ ನಿಂತಿದ್ದವಳು. 

"ನಿಮ್ಮ ಮನಿ ಎಲ್ಲೈತ್ರಿ ಮೇಡಂ?" ಎಂದೆ.

ಪದ್ಮನಾಭನಗರ. ಬಸ್ ಇಳಿದು ಎರಡು ಅಡ್ಡರಸ್ತೆ. ಗೇಟಿನ ಮೇಲೆ 'ಮಿಸ್ ಲತಾಮಣಿ, ಸ್ಪೋಕನ್ ಇಂಗ್ಲಿಷ್, ಸಂಜೆ ೪ರಿಂದ ೬' ಎಂಬ ಬೋರ್ಡು. ಬಾಗಿಲು ತೆರೆದವರು ಎಂಬತ್ತೆಂಟರ ಹೆಂಗಸು, ಎತ್ತರ, ಕಾಟನ್ ಸೀರೆ, ಕಾಲಲ್ಲಿ ಸ್ಪೋರ್ಟ್ಸ್ ಶೂ.

"ಮೇಡಂ ಅನ್ಬೇಡ, ಅಜ್ಜಿ ಅಂತೂ ಬೇಡವೇ ಬೇಡ. ಮಿಸ್ ಅನ್ನು. ಬಾ, ಏನು ತಂದಿದೀಯ?"

ನಾನು ಲ್ಯಾಪ್‌ಟಾಪ್ ತಂದಿದ್ದೆ. ತಟ್ಟೆಯಿಂದ ತೆಗೆದ ಮೂಲವನ್ನು, ಚರಪರ, ಕೆಮ್ಮು, ಗುಂಯ್ ಎಲ್ಲದರ ಸಮೇತ, ಏನೂ ಮುಟ್ಟದೆ ಇದ್ದ ಹಾಗೇ ನುಡಿಸಿದೆ. ಅವರು ಹೆಡ್‌ಫೋನ್ ಹಾಕಿಕೊಂಡು ಕಣ್ಣು ತೆರೆದೇ ಕೇಳಿದರು. ಅರವತ್ತೆಂಟು ವರ್ಷದ ಮೇಲೆ ತಮ್ಮ ದನಿ ಕೇಳುತ್ತಿದ್ದಾರೆ, ಅಳಬಹುದು ಎಂದು ನಾನು ಸ್ವಲ್ಪ ದೂರ ಸರಿದು ಕೂತೆ.

"ಎರಡನೇ ಸಾಲಲ್ಲಿ ಉಸಿರು ತಪ್ಪಿದೆ," ಎಂದರು. "ಅವತ್ತೇ ಹೇಳ್ದೆ ಇನ್ನೊಂದ್ಸಲ ಹಾಡ್ತೀನಿ ಅಂತ. ತಟ್ಟೆ ಇರೋದು ನಾಲ್ಕೇ ಅಂದ್ರು." ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು. "ಆದ್ರೆ ಇದು ನಾನು. ಇದನ್ನ ಯಾಕೆ ಹಾಕ್ಲಿಲ್ಲ?"

"ವೇಗ ತಪ್ಪೈತಿ ಅನ್ಕೊಂಡೆರಿ ಮಿಸ್."

"ಯಾಕೆ ಹಾಗನ್ಕೊಂಡೆ?"

ಹೇಳಲು ನಾಚಿಕೆಯಾಯಿತು. ಆದರೂ ಹೇಳಿದೆ. "ಹೆಂಗಸಿಗಿ ಭಾಳ ದಪ್ಪ ಆತು ಅನಿಸ್ತರಿ."

ಲತಾಮಣಿ ಜೋರಾಗಿ ನಕ್ಕರು. ಬೀದಿಯಲ್ಲಿ ಹೋಗುತ್ತಿದ್ದವನೊಬ್ಬ ತಲೆ ಎತ್ತಿ ನೋಡಿದ.

ಆಗ ಅವರ ಮನೆ ಇದ್ದದ್ದೂ ವಿಲ್ಸನ್ ಗಾರ್ಡನ್‌ನಲ್ಲೇ. ಅಪ್ಪ ಪೊಲೀಸ್ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದರು. ಶನಿವಾರ ಸಂಜೆ ಕ್ಲೈವ್ ಪೆರೇರಾನ ಬ್ಯಾಂಡಿಗೆ ಹೋಗುತ್ತಿದ್ದರು. ಅಲ್ಲಿ ಹಾಡುತ್ತಿದ್ದ ಹುಡುಗಿ ಮದುವೆಯಾಗಿ ಬಿಟ್ಟುಹೋದಾಗ ಮಗಳನ್ನು ಕರೆದುಕೊಂಡು ಹೋದರು. ಅದಕ್ಕೂ ಮುಂಚೆ ಮಗಳು ಮದ್ರಾಸಿನ ಒಂದು ಸ್ಟುಡಿಯೋದಲ್ಲಿ ಸಿನಿಮಾ ಹಾಡಿಗೆ ಆಡಿಷನ್ ಕೊಟ್ಟು ಬಂದಿದ್ದಳು.

"ಗಾಜಿನ ಹಿಂದೆ ಮೂರು ಜನ ಗಂಡಸರು. ಇನ್ನೂ ಮೇಲೆ ಹಾಡು ಅಂದ್ರು, ಹಾಡ್ದೆ. ಇನ್ನೂ ಮೇಲೆ ಅಂದ್ರು. ಮೂರನೇ ಸಲ ನಾನು ಸುಮ್ನೆ ನಿಂತೆ. ಆಗ ಒಬ್ಬ ಮೈಕಲ್ಲಿ ಕೇಳ್ದ, ನಿಮ್ಗೆ ಅಣ್ಣ ತಮ್ಮ ಯಾರಾದ್ರೂ ಇದ್ದಾರಾ, ಇದೇ ದನಿ ಇದ್ರೆ ಕಳ್ಸಿಕೊಡಿ ಅಂತ. ಮೂರೂ ಜನ ನಕ್ರು. ಗಾಜು, ಸದ್ದು ಕೇಳ್ಸಲಿಲ್ಲ. ಹಲ್ಲು ಕಾಣಿಸ್ತು."

ಪೆರೇರಾ ಕೂಡ ಇನ್ನೂ ಮೇಲೆ ಹಾಡು ಎಂದೇ ಕೇಳಿದ್ದ. ಎರಡು ವರ್ಷ ಅವನು ಹೇಳಿದಷ್ಟು ಎತ್ತರದಲ್ಲಿ, ಗಂಟಲು ಕಿವುಚಿಕೊಂಡು ಹಾಡಿದರು. ಮುದ್ರಣದ ದಿನ ಮಾತ್ರ ಇವರು ಒಪ್ಪಲಿಲ್ಲ. ಒಂದು ಮನೆ ಕೆಳಗೆ ಹಾಡುತ್ತೇನೆ, ಇಲ್ಲದಿದ್ದರೆ ಹಾಡುವುದೇ ಇಲ್ಲ ಎಂದರು. ಅಪ್ಪ ಮೂಲೆಯಲ್ಲಿ ಕೂತು ಏಳೂ ಜನರ ಸ್ವರಗಳನ್ನು ಕೆಳಗಿಳಿಸಿ ಹೊಸದಾಗಿ ಬರೆದುಕೊಟ್ಟರು. ಹಾಡು ಮುಗಿಯುವವರೆಗೂ ಪೆರೇರಾ ಇವರ ಮುಖ ನೋಡಲಿಲ್ಲ. ತಟ್ಟೆ ಸಿದ್ಧವಾಗಿ ಬಂದಾಗ ಇವರ ಹೆಸರಿರಲಿಲ್ಲ. ಮುಂದಿನ ಶನಿವಾರಕ್ಕೆ ಬೇರೆ ಹುಡುಗಿ ಬಂದಿದ್ದಳು. ಇವರು ಟೆಲಿಫೋನ್ ಎಕ್ಸ್‌ಚೇಂಜಿಗೆ ಸೇರಿದರು.

"ತಿಂಗಳಿಗೊಂದ್ಸಲ ಅವನ ಹೆಸರು ಫೋನಲ್ಲಿ ಹುಡುಕ್ತೀನಿ, ಸತ್ನೋ ಇಲ್ವೋ ನೋಡಕ್ಕೆ. ಹಂಗೇ ನಿಮ್ಮ ನಲವತ್ತು ಸೆಕೆಂಡು ಸಿಕ್ತು." ಅವರು ನನ್ನ ಕಡೆ ಬೆರಳು ತೋರಿಸಿದರು. ಸಿಟ್ಟಿನಿಂದಲ್ಲ, ಪಾಠದ ಮಧ್ಯೆ ವಿದ್ಯಾರ್ಥಿಯನ್ನು ಎಬ್ಬಿಸುವ ಹಾಗೆ. "ಅವನು ಹೆಸರು ತೆಗ್ದ. ಶ್ರುತಿ ತೆಗೆಯಕ್ಕೆ ಅವನ ಕೈಲಿ ಆಗ್ಲಿಲ್ಲ. ಅದನ್ನ ನೀನು ತೆಗ್ದೆ."

"ತಪ್ಪಾತ್ರಿ ಮಿಸ್."

"ನನ್ನ ಹತ್ರ ಹೇಳಿದ್ರೆ ಏನು ಬಂತು? ಎಲ್ಲಿ ಮಾಡಿದ್ಯೋ ಅಲ್ಲಿ ಹೋಗಿ ಹೇಳು."

ಬಿಟಿಎಂ ಲೇಔಟಿನ ನನ್ನ ರೂಮಿಗೆ ಹಿಂದಿರುಗುವ ಬಸ್ಸಿನಲ್ಲಿ ಅವ್ವ ಫೋನ್ ಮಾಡಿದಳು. ಊಟ ಮಾಡಿದಿ ಏನು, ಮಳೆ ಐತೇನು, ಅಷ್ಟೇ. ನನ್ನ ಅವ್ವನ ದನಿ ಆ ತಟ್ಟೆಯ ದನಿಗಿಂತ ದಪ್ಪ. ಕೊರಿಯರಿನವರು ಅವಳನ್ನು ಫೋನಿನಲ್ಲಿ 'ಸಾರ್' ಎನ್ನುತ್ತಾರೆ. ಅಂಥ ದನಿಯ ಜೋಗುಳ ಕೇಳಿ ಬೆಳೆದವಳು ನಾನು. ಆದರೆ ಹಾಡು ಎಂದೊಡನೆ ನನ್ನ ಕಿವಿ ಅವ್ವನನ್ನು ಹೊರಗೆ ನಿಲ್ಲಿಸಿ ಬಾಗಿಲು ಹಾಕಿತ್ತು. ಗಾಜಿನ ಹಿಂದೆ ಕೂತಿದ್ದವರು ಮೂರು ಜನ ಎಂದರು ಲತಾಮಣಿ. ನನ್ನನ್ನೂ ಸೇರಿಸಿದರೆ ನಾಲ್ಕು.

ಸೋಮವಾರ ಹನ್ನೊಂದಕ್ಕೆ ಮೊದಲ ತಟ್ಟೆಯನ್ನು ಮತ್ತೆ ಹಾಕಿದೆ. ಈ ಸಲ ಹಾಡನ್ನು ಬಿಟ್ಟು ಗುಂಯ್ ಸದ್ದನ್ನು ಅಳೆದೆ. ನಮ್ಮಲ್ಲಿ ಕರೆಂಟು ಸೆಕೆಂಡಿಗೆ ಐವತ್ತು ಸಲ ಮಿಡಿಯುತ್ತದೆ. ಮುದ್ರಿಸುವ ಯಂತ್ರ ಕರೆಂಟಿನಲ್ಲಿ ಓಡಿದ್ದರೆ ಆ ಮಿಡಿತವೂ ಹಾಡಿನ ಜೊತೆ ತಟ್ಟೆಗಿಳಿಯುತ್ತದೆ. ತಟ್ಟೆ ಸರಿಯಾದ ವೇಗದಲ್ಲಿ ತಿರುಗಿದರೆ ಐವತ್ತೇ ಕೇಳಬೇಕು. ಮೂಲದಲ್ಲಿ ಅದು ಐವತ್ತೇ ಇತ್ತು. ನಾನು ಏರಿಸಿದ ವೇಗದಲ್ಲಿ ಐವತ್ತಾರು. ಇದು ನನಗೆ ಮೊದಲೇ ಕಾಣಬೇಕಿತ್ತು. ಆದರೆ ನಾನು ಮೊದಲು ಗುಂಯ್ ಒರೆಸಿ, ಆಮೇಲೆ ವೇಗ ಮುಟ್ಟಿದ್ದೆ. ಸಾಕ್ಷಿಯನ್ನು ಹೊರಗೆ ಕಳಿಸಿ ತೀರ್ಪು ಕೊಟ್ಟಿದ್ದೆ.

ನಂದಕುಮಾರ್ ಅವರನ್ನು ಕರೆದು ತೋರಿಸಿದೆ.

"ನಮ್ಮ ಮಶೀನಿನ ಗುಂಯ್ ಇರ್ಬೇಕು ಬಿಡಮ್ಮ. ಜಿಮ್ಮಿನ ಲೈನಿಂದ ಬರುತ್ತೆ."

"ಕೇಳ್ರಿ ಸಾರ್." ತಿರುಗುತ್ತಿದ್ದ ಚಕ್ರದ ಅಂಚಿಗೆ ಬೆರಳು ಒತ್ತಿದೆ. ವೇಗ ಕುಗ್ಗಿತು. ಹಾಡು ಜೋಲಿ ಹೊಡೆಯುತ್ತ ಇಳಿಯಿತು, ಅದರ ಜೊತೆಜೊತೆಗೇ ಗುಂಯ್ ಕೂಡ ಇಳಿಯಿತು. ಬೆರಳು ತೆಗೆದೆ, ಎರಡೂ ಒಟ್ಟಿಗೆ ಮೇಲೆದ್ದವು. "ನಮ್ಮ ಮಶೀನಿಂದಾಗಿದ್ರ ಚಕ್ರ ಹಿಡಿದ್ರೂ ಅದು ಅಲ್ಲೇ ನಿಲ್ಲಬೇಕಿತ್ತು. ಇದು ತಟ್ಟಿಯೊಳಗ ಐತಿ."

ಅವರು ಕನ್ನಡಕ ತೆಗೆದು ಮೂಗಿನ ಮೇಲ್ಭಾಗ ಉಜ್ಜಿಕೊಂಡರು. ದಡ್ಡರಲ್ಲ ನಂದಕುಮಾರ್. ಕೆಟ್ಟವರೂ ಅಲ್ಲ. ಶುಕ್ರವಾರ ಹಾಲೆಂಡಿಗೆ ಅಂತಿಮ ಪ್ರತಿ ಹೋಗಬೇಕಿತ್ತು.

"ಒಪ್ಕೊಂಡೆ. ನೀನು ಹೇಳೋದೇ ಸರಿ. ಈಗೇನ್ಮಾಡೋಣ? ಅವ್ರಿಗೆ ಇಷ್ಟ ಆಗಿರೋದು ಆ ಜೇನು. ಈ ಗಂಡು ದನಿ ಯಾರು ಕೇಳ್ತಾರೆ? ಕಾನೂನಲ್ಲೂ ತೊಂದ್ರೆ ಇಲ್ಲ, ಅರವತ್ತು ವರ್ಷ ದಾಟಿದೆ, ಯಾರ ಸಹೀನೂ ಬೇಡ." ಕನ್ನಡಕವನ್ನು ಮತ್ತೆ ಹಾಕಿಕೊಂಡರು. "ಒಂದು ಕೆಲಸ ಮಾಡೋಣ. ಅವ್ರಿಗೆ ಹೆಸರು ಕೊಡ್ಸೋಣ. ಕವರ್ ಮೇಲೆ ದೊಡ್ಡದಾಗಿ. ಫೋನ್ ಹಾಕು."

ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದೆ.

"ನಮಸ್ಕಾರ ಮೇಡಂ, ನಂದಕುಮಾರ್ ಅಂತ. ನಮ್ಮ ಹುಡುಗಿ ಎಲ್ಲಾ ಹೇಳಿದ್ಲು. ನಿಮ್ಮ ಹೆಸರು ಬಿಟ್ಟೋಗಿದ್ದು ಅನ್ಯಾಯ ಮೇಡಂ. ನಾವು ಹಾಕ್ಸ್ತೀವಿ. ಪೆರೇರಾ ಹೆಸರಿಗಿಂತ ದಪ್ಪಕ್ಷರದಲ್ಲಿ."

"ಸಂತೋಷ. ದನಿ?"

"ದನಿ ಈಗ ಹೆಂಗಿದ್ಯೋ ಹಂಗೇ ಇರ್ಲಿ ಮೇಡಂ. ಚೆನ್ನಾಗಿದೆಯಲ್ಲ, ಕೇಳೋರ್ಗೂ ಹಿತ."

"ಯಾರೋ ಹುಡುಗಿ ಹಾಡಿರೋದಕ್ಕೆ ನನ್ನ ಹೆಸರು ಹಾಕ್ತೀರ. ಅವಳು ಜಗಳಕ್ಕೆ ಬಂದ್ರೆ?"

"ಯಾವ ಹುಡುಗಿ ಮೇಡಂ? ಅದೂ ನೀವೇ ಅಲ್ವಾ?"

"ಅಲ್ಲಪ್ಪ. ಎರಡು ವರ್ಷ ಪ್ರತಿ ಶನಿವಾರ ಅವಳ ಹಾಗೆ ಹಾಡಿದೀನಿ, ಅವಳನ್ನ ಚೆನ್ನಾಗಿ ಬಲ್ಲೆ. ನೀವು ಹೆಸರು ಇಟ್ಕೊಳ್ಳಿ. ದನಿ ವಾಪಸ್ ಕೊಡಿ."

ಕರೆ ಕಡಿಯಿತು. ನಂದಕುಮಾರ್ ನನ್ನತ್ತ ನೋಡಿ, "ಏನಮ್ಮ ಇದು, ಸಿಕ್ಕಿದ್ದು ತಗೊಳ್ದೇ..." ಎಂದು ಅರ್ಧಕ್ಕೆ ನಿಲ್ಲಿಸಿದರು. ಬಹುಶಃ ನನ್ನ ಮುಖದಲ್ಲಿ ಏನೋ ಕಂಡಿರಬೇಕು. "ಇದ್ದಂಗೇ ಕಳ್ಸು. ಶುಕ್ರವಾರ. ಇನ್ನು ಚರ್ಚೆ ಬೇಡ."

ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ಸ್ವಚ್ಛ ಮಾಡಿದ ಹಾಡಿನ ಜೊತೆ ಒಂದು ಹಾಳೆ ಹೋಗುತ್ತದೆ. ಯಾವ ಸೂಜಿ ಬಳಸಿದೆ, ಯಾವ ವೇಗದಲ್ಲಿ ನುಡಿಸಿದೆ, ವೇಗ ಸರಿ ಎಂದು ಹೇಗೆ ಖಾತ್ರಿ ಮಾಡಿಕೊಂಡೆ ಎಂದು ಬರೆದು, ಕೆಲಸ ಮಾಡಿದವರೇ ಸಹಿ ಹಾಕಬೇಕು. ಮಾಲೀಕರ ಸಹಿ ನಡೆಯುವುದಿಲ್ಲ. ಸಾಮಾನ್ಯವಾಗಿ ಯಾರೂ ಅದನ್ನು ಓದುವುದಿಲ್ಲ; ಆದರೆ ಹಾಳೆ ಇಲ್ಲದೆ ತಟ್ಟೆ ಒತ್ತುವವರು ಕೆಲಸ ಶುರು ಮಾಡುವುದಿಲ್ಲ.

ಶುಕ್ರವಾರ ಮಧ್ಯಾಹ್ನ ಆ ಹಾಳೆಯ ಮುಂದೆ ಕೂತೆ. ಸಹಿ ಹಾಕದೆ ಬಿಡಬಹುದಿತ್ತು. ನಂದಕುಮಾರ್ ಬೇರೆ ಯಾರಿಂದಲಾದರೂ ಹಾಕಿಸುತ್ತಿದ್ದರು. ಯಾರಿಗೂ ಹೇಳದೆ ಸರಿಯಾದ ಪ್ರತಿಯನ್ನು ಕಳಿಸಬಹುದಿತ್ತು. ಅದು ಕಳ್ಳತನ, ಒಂದು ದನಿಯನ್ನು ಹಿತ್ತಲ ಬಾಗಿಲಿನಿಂದ ಒಳಗೆ ಬಿಟ್ಟ ಹಾಗೆ. ಲತಾಮಣಿ ಯಾವತ್ತೂ ಹಿತ್ತಲ ಬಾಗಿಲಿನಿಂದ ಹೋದವರಲ್ಲ. ನಾನು ಜೇನಿನ ಪ್ರತಿಯನ್ನೇ ಲಗತ್ತಿಸಿದೆ, ಹೇಳಿದ ಹಾಗೆ. ಪಕ್ಕದಲ್ಲಿ ಮೂಲ ವೇಗದ ಪ್ರತಿಯನ್ನೂ ಇಟ್ಟೆ. ವೇಗದ ಕಾಲಮಿನಲ್ಲಿ ಹೀಗೆ ಬರೆದೆ:

'ಮೊದಲ ಪ್ರತಿಯ ವೇಗ ತಪ್ಪು. ಶ್ರುತಿ ಒಂದು ಮನೆ ಮೇಲಿದೆ. ಹೆಂಗಸಿನ ದನಿ ಇಷ್ಟು ಕೆಳಗೆ ಇರಲಾರದು ಎಂದು ನಾನೇ ಏರಿಸಿದೆ. ತಟ್ಟೆಯಲ್ಲಿರುವ ಕರೆಂಟಿನ ಸದ್ದು ಅದನ್ನು ಸುಳ್ಳು ಮಾಡಿದೆ. ಎರಡನೆಯ ಪ್ರತಿ ಸರಿ. ಹಾಡಿದವರು ಬದುಕಿದ್ದಾರೆ, ಅವರೂ ಇದನ್ನೇ ಹೇಳುತ್ತಾರೆ. ನಾನು ಒರೆಸಿದ್ದ ಕೆಮ್ಮು ಎಲ್ಲಿತ್ತು ಎಂದೂ ಅವರೇ ಹೇಳಿದರು.'

ಸಹಿ ಹಾಕಿ, ನಂದಕುಮಾರ್ ಅವರಿಗೂ ಒಂದು ನಕಲು ಹೋಗುವಂತೆ ಮಾಡಿ, ಕಳಿಸಿದೆ.

ಹತ್ತು ನಿಮಿಷಕ್ಕೆ ಅವರು ನನ್ನ ಕೋಣೆಯ ಬಾಗಿಲಲ್ಲಿದ್ದರು. "ತಲೆ ಕೆಟ್ಟಿದ್ಯಾ ನಿಂಗೆ? ನಿನ್ನ ತಪ್ಪನ್ನ ನೀನೇ ಬರ್ದು ಕಳ್ಸಿದ್ಯಾ?"

"ಮತ್ಯಾರ ಬರೀಬೇಕಿತ್ರಿ ಸಾರ್? ಮಾಡಿದಾಕಿ ನಾನು."

"ಇನ್ಮೇಲೆ ಹಳೇ ತಟ್ಟೆ ಮುಟ್ಬೇಡ. ಮದುವೆ ವಿಡಿಯೋ ಸೌಂಡ್ ಇದೆ, ಅದು ಮಾಡು."

ಅಂದಿನಿಂದ ಮದುವೆ ವಿಡಿಯೋಗಳೇ. ವಾಲಗದ ನಡುವಿನಿಂದ ಪುರೋಹಿತರ ಮಂತ್ರವನ್ನು ಹೊರಗೆಳೆಯುತ್ತೇನೆ. ತಟ್ಟೆಗಳ ಕೋಣೆಗೆ ಬೀಗ ಬಿದ್ದಿದೆ. ಮೊದಲ ವಾರ ದಿನವೂ ಹನ್ನೊಂದಕ್ಕೆ ಆ ಬಾಗಿಲ ಮುಂದೆ ಹೋಗಿ ನಿಂತೆ. ಎರಡನೆಯ ವಾರ ಹೋಗಲಿಲ್ಲ.

ಹಾಲೆಂಡಿನಿಂದ ಹತ್ತು ದಿನದ ಮೇಲೆ ಉತ್ತರ ಬಂತು. ಅವರಿಗೆ ಬೇಸರವಾಗಿತ್ತು, ಮುಚ್ಚಿಡಲಿಲ್ಲ. ಜೇನಿನ ಪ್ರತಿಯೇ ಚೆನ್ನಾಗಿತ್ತು ಎಂದರು. ಆದರೆ ತಪ್ಪು ಎಂದು ಬರಹದಲ್ಲಿರುವುದನ್ನು ಒತ್ತಿ ಮಾರಿದರೆ, ತಟ್ಟೆ ಸಂಗ್ರಹಿಸುವವರು ನಾಳೆ ಅದೇ ಗುಂಯ್ ಅಳೆದು ಬೀದಿಗೆಳೆಯುತ್ತಾರೆ. ಹಾಗಾಗಿ ಎರಡನೆಯ ಪ್ರತಿ. ಹೆಸರಿನ ವಿಷಯ ಬೇರೆ: ಕೆಮ್ಮಿನ ಕತೆಗೆ ನಾನೊಬ್ಬಳೇ ಸಾಕ್ಷಿ, ಅದನ್ನು ನಾನೇ ಅವರಿಗೆ ಹೇಳಿಕೊಟ್ಟಿರಬಹುದು. ಆದ್ದರಿಂದ ಆ ಮಹಿಳೆ ಒಂದೆರಡು ಸಾಲು ಹಾಡಿ ಕಳಿಸಲಿ, ದನಿ ಹೋಲಿಸಿ ನೋಡಿ ಹೆಸರು ಹಾಕುತ್ತೇವೆ ಎಂದರು.

ನಾನು ಓಡಿಕೊಂಡೇ ಪದ್ಮನಾಭನಗರಕ್ಕೆ ಹೋದೆ. "ಮಿಸ್, ಎರಡ ಸಾಲ. ನನ್ನ ಫೋನಿನ್ಯಾಗ ತಗೋತೀನಿ. ಎರಡ ನಿಮಿಷದ ಕೆಲಸ."

ಅವರು ಟ್ಯೂಷನ್ ನೋಟ್‌ಬುಕ್ ತಿದ್ದುತ್ತಿದ್ದರು. ಕೆಂಪು ಪೆನ್ನು ನಿಲ್ಲಲಿಲ್ಲ. "ಹಾಡ್ಲಿಲ್ಲ ಅಂದ್ರೆ?"

"ಹೆಸರ ಹಾಕೂದಿಲ್ಲ. ಗಾಯಕಿ ಯಾರಂತ ಗೊತ್ತಿಲ್ಲ ಅಂತ ಹಾಕ್ತಾರ."

"ಶ್ರುತಿ?"

"ಅದು ನಿಮ್ಮದ. ಅದಕ್ಕ ಯಾರೂ ಕೈ ಹಚ್ಚೂದಿಲ್ಲ."

"ಹಾಗಾದ್ರೆ ಹಾಡಲ್ಲ."

"ಮಿಸ್, ಹೆಸರ..."

"ಗಾಜಿನ ಹಿಂದೆ ಕೂತಿರೋರಿಗೆ ಒಂದ್ಸಲ ಹಾಡಿ ತೋರ್ಸಿದೀನಿ. ಆಮೇಲೆ ಯಾರಿಗೂ ಪರೀಕ್ಷೆ ಕೊಡಲ್ಲ ಅಂತ ಆವತ್ತೇ ತೀರ್ಮಾನ ಮಾಡ್ದೆ. ನಾಲ್ಕು ಹಾಡು ಹಾಡಿದೀನಿ, ಕೇಳ್ಲಿ. ಅದೇ ಪರೀಕ್ಷೆ ಅಂದ್ಕೊಳ್ಲಿ." ಪುಟ ತಿರುವಿದರು. "ಈ ಮಕ್ಕಳಿಗೆ ಎಷ್ಟು ಹೇಳಿದ್ರೂ ಹಿಂದಿನದು, ಇಂದಿನದು ಗೊತ್ತಾಗಲ್ಲ ನೋಡು."

ನಾನು ಒತ್ತಾಯ ಮಾಡಲಿಲ್ಲ. ಮಾಡಬೇಕಿತ್ತೇನೋ ಎಂದು ಆಮೇಲೆ ಎಷ್ಟೋ ಸಲ ಅನಿಸಿದೆ, ಮತ್ತೆ ಹಾಗೆ ಅನಿಸಿದ್ದಕ್ಕೆ ಸಿಟ್ಟೂ ಬಂದಿದೆ.

ತಟ್ಟೆ ಬಂತು. ಕವರಿನ ಮೇಲೆ ಪೆರೇರಾನ ಹೆಸರು, ಒಳಗೆ ಏಳು ಜನರ ಹೆಸರು, 'ಗಾಯಕಿ: ತಿಳಿದಿಲ್ಲ'. ನಾಲ್ಕೂ ಹಾಡು ಯೂಟ್ಯೂಬಿನಲ್ಲಿಯೂ ಬಂದವು. ಜನ ಕೇಳತೊಡಗಿದರು, ಕೇಳಿ ದೂರತೊಡಗಿದರು.

ಭಾನುವಾರ ನಾನು ಹೋದಾಗ ಲತಾಮಣಿ ಆಗಲೇ ಫೋನ್ ಹಿಡಿದು ಕೂತಿದ್ದರು. "ನನ್ನ ಬೆರಳು ನಡುಗುತ್ತೆ, ನೀನು ಟೈಪ್ ಮಾಡು. ಓದು, ಏನೇನು ಹೇಳಿದಾರೆ."

ಓದಿದೆ. "'ತಟ್ಟೆಯ ವೇಗ ತಪ್ಪಾಗಿದೆ, ಯಾರಾದರೂ ಸರಿ ಮಾಡಿ' ಅಂತ ಒಬ್ಬಾಂವ."

"ವೇಗ ಸರಿ ಇದೆ, ಮೊದಲಿಂದ ಇನ್ನೊಮ್ಮೆ ಕೇಳಿ ಅಂತ ಬರಿ."

ಬರೆದೆ. "'ಗಾಯಕಿಗೆ ಶೀತ ಆಗಿತ್ತು ಅನಿಸುತ್ತದೆ' ಅಂತ ಇನ್ನೊಬ್ಬಾಕಿ."

"ಆಗಿರ್ಲಿಲ್ಲ. ಚೆನ್ನಾಗಿ ಬಿಸಿಬೇಳೆಬಾತ್ ತಿಂದು ಹೋಗಿದ್ದೆ ಅಂತ ಹಾಕು. ಹಾಕು, ನಗಬೇಡ."

ಹಾಕಿದೆ. ಕೆಳಗೆ ಇನ್ನೊಂದಿತ್ತು, ಆ ದಿನ ಬೆಳಿಗ್ಗೆಯದು. ಓದಲೋ ಬೇಡವೋ ಎಂದು ತಡೆದೆ. ಅವರು ನನ್ನ ಭುಜ ತಿವಿದರು.

"'ಇದು ನಿಜವಾಗಲೂ ಹೆಂಗಸಾ?' ಅಂತ್ರಿ ಮಿಸ್."

ಲತಾಮಣಿ ಕುರ್ಚಿಯಲ್ಲಿ ನೆಟ್ಟಗೆ ಕೂತು, ಸೆರಗನ್ನು ಭುಜದ ಮೇಲೆ ಎಳೆದುಕೊಂಡರು.

"ಹೌದು ಅಂತ ಬರಿ. ಅದರ ಕೆಳಗೆ ಹೆಸರು ಹಾಕು. ವಿ. ಎನ್. ಲತಾಮಣಿ, ವಿಲ್ಸನ್ ಗಾರ್ಡನ್. ಇನಿಷಿಯಲ್ ಬಿಡಬೇಡ. ಹಾಕಿದ್ಯಾ? ಕಳ್ಸು. ಈಗ ಮುಂದಿನೋನು ಯಾರು, ಓದು."